ಚೋಮನ ದುಡಿಯ ಸದ್ದು: ಅದು ಬರೀ ಅಸಹಾಯಕತೆಯಾ?

ಕಡಲಬದಿ

ಚೋಮನ ದುಡಿಯನ್ನು ಮೂರನೇ ಸಲ ಓದಿ ಮುಗಿಸಿದೆ. ಮೊದಲನೇ ಸಲ ಓದಿದ್ದು ಪಿಯುಸಿಯಲ್ಲಿ. ಆಗ ಪರೀಕ್ಷೆಯಲ್ಲಿ "ದುಡಿಯು ಚೋಮನ ಅಸಹಾಯಕತೆಯ ಸಂಕೇತ" ಅಂತ ಬರೆದು ಅಂಕ ತೆಗೆದುಕೊಂಡಿದ್ದೆ. ಆ ಸಾಲು ಸುಳ್ಳು ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕಾದಂಬರಿಗೆ ಅನ್ಯಾಯ ಮಾಡಿದ ಹಾಗೆ ಅನ್ನಿಸುತ್ತಿದೆ.

ಓದದವರಿಗಾಗಿ ಎರಡು ಮಾತು. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ ಇದು. ದುಡಿ ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ. ಚೋಮ ಒಡೆಯರ ಮನೆಯ ಮೂಲದಾಳು, ಅಂದರೆ ಜೀತದಾಳು, ಮುಟ್ಟಬಾರದ ಜಾತಿಯವನು. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಎತ್ತು ಮಾಡಿದ್ದಾನೆ. ಒಂದು ತುಂಡು ಭೂಮಿ ಸಿಕ್ಕರೆ ತಾನೇ ಉಳಬೇಕು ಅನ್ನುವುದೊಂದೇ ಅವನ ಆಸೆ. ಆ ಜಾತಿಯವರು ಬೇಸಾಯ ಮಾಡುವಂತಿಲ್ಲ. ಕಾಫಿ ಎಸ್ಟೇಟಿನ ಸಾಲ ಬೇರೆ ಇದೆ. ಸಾಲ ತೀರಿಸಲು ಹೋದ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಕಾಯಿಲೆಗೆ ಸಾಯುತ್ತಾನೆ, ಇನ್ನೊಬ್ಬ ಮತ ಬದಲಿಸಿ ಅಲ್ಲೇ ಉಳಿಯುತ್ತಾನೆ. ಮಗಳು ಬೆಳ್ಳಿ ಎಸ್ಟೇಟಿಗೆ ಹೋಗುತ್ತಾಳೆ. ಸಾಲ ತೀರುತ್ತದೆ. ಯಾವ ಬೆಲೆಗೆ ತೀರಿತು ಅನ್ನುವುದು ಓದಿದವರಿಗೆ ಗೊತ್ತು.

ಇಷ್ಟರ ನಡುವೆ ಮತ್ತೆ ಮತ್ತೆ ಬರುವುದು ಆ ದುಡಿ. ಅದೇ ದುಡಿ, ಅದೇ ಕೈ. ಆದರೂ ನನಗೆ ಪ್ರತಿ ಸಲ ಬೇರೆ ಸದ್ದು ಕೇಳಿಸುತ್ತದೆ. ಒಂದೇ ವಸ್ತು ಇಷ್ಟು ಭಾರ ಹೊರುವುದು ಹೇಗೆ? ನೀವೆಲ್ಲ ಹೇಗೆ ಓದಿಕೊಂಡಿರಿ?

ನಿವೃತ್ತ ಮೇಷ್ಟ್ರು

ನಾನು ಈ ಕಾದಂಬರಿಯನ್ನು ಬಹಳ ವರ್ಷ ಪಾಠ ಮಾಡಿದ್ದೇನೆ. ನೀವು ಬರೆದ ಆ ಸಾಲಿಗೆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ ಅಂತ ಇಟ್ಟುಕೊಳ್ಳಿ. ಈಗ ಕೇಳಿದರೆ ಇನ್ನೊಂದು ಮಾತು ಸೇರಿಸುತ್ತೇನೆ.

ಚೋಮ ಎಷ್ಟು ಕಡೆ ಬಾಯಿ ಬಿಟ್ಟು ಕೇಳುತ್ತಾನೆ, ಗಮನಿಸಿ. ಬಹಳ ಕಡಿಮೆ. ಒಡೆಯರ ಹತ್ತಿರ ಭೂಮಿ ಕೇಳಬೇಕು ಅಂದುಕೊಳ್ಳುತ್ತಾನೆ, ಹಿಂಜರಿಯುತ್ತಾನೆ, ದಿನ ತಳ್ಳುತ್ತಾನೆ. ಕಡೆಗೂ ಕೇಳಿದಾಗ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಮೆತ್ತಗಾಗುತ್ತದೆ. ಅವನ ತಾಯಿ ಒಪ್ಪುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಒಡೆಯ ಕೆಟ್ಟವನಾಗಿದ್ದರೆ ಚೋಮನಿಗೆ ಬೈಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಇಲ್ಲಿ ಯಾರನ್ನು ಬೈಯುವುದು? ರೂಢಿಯನ್ನು ಬೈಯಲು ಬರುತ್ತದಾ? ಮಾತಿಗೆ ಎದುರು ಯಾರೂ ಇಲ್ಲದಾಗ ಅವನು ದುಡಿ ಕೈಗೆ ತೆಗೆದುಕೊಳ್ಳುತ್ತಾನೆ.

ಇನ್ನೊಂದು ವಿಷಯ. ಚೋಮ ಒಡೆಯರ ಅಂಗಳದಲ್ಲಿ ಒಂದು ಗೆರೆಯ ಆಚೆಯೇ ನಿಲ್ಲಬೇಕು. ಅವನ ದುಡಿಯ ಸದ್ದಿಗೆ ಆ ಗೆರೆ ಇಲ್ಲ. ಅವನ ಮೈ ಹೋಗಬಾರದ ಕಡೆಗೆಲ್ಲ ಆ ಸದ್ದು ಹೋಗುತ್ತದೆ. ನನಗೆ ಅಲ್ಲೇ ಅಸಹಾಯಕತೆ ಜಾಸ್ತಿ ಕಾಣುವುದು. ಕೇಳಿಸದೆ ಇದ್ದಿದ್ದರೆ ಬೇರೆ ಮಾತು. ಎಲ್ಲರಿಗೂ ಕೇಳಿಸುತ್ತದೆ, "ಚೋಮ ಬಾರಿಸುತ್ತಿದ್ದಾನೆ" ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಎದ್ದು ಬರುವವರು ಮಾತ್ರ ಯಾರೂ ಇಲ್ಲ.

ಬಯಲುಸೀಮೆ ರೈತ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಈ ಕಾದಂಬರಿಯಲ್ಲಿ ಅಸಹಾಯಕತೆ ಅಂದರೆ ಆ ಜೋಡೆತ್ತು. ದುಡಿ ಆಮೇಲೆ.

ನಾನು ಎತ್ತು ಕಟ್ಟಿದವನು. ಹೋರಿಗೆ ವಯಸ್ಸು ಬಂದಾಗ ನೊಗಕ್ಕೆ ಪಳಗಿಸಬೇಕು. ಮೊದಲು ಬರಿ ನೊಗ ಹಾಕಿ ಸುಮ್ನೆ ನಡೆಸುತ್ತೇವೆ. ಆಮೇಲೆ ಒಂದು ದಿಮ್ಮಿ ಕಟ್ಟಿ ಎಳೆಸುತ್ತೇವೆ. ಹೆಗಲು ಗಟ್ಟಿಯಾಗುತ್ತಾ ಬರುತ್ತದೆ. ಕೈ ಇಟ್ಟರೆ ಗೊತ್ತಾಗುತ್ತದೆ, ಆ ಜಾಗದ ತೊಗಲು ಬೇರೆಯೇ ಆಗಿರುತ್ತದೆ. ದುಡಿಯದ ಎತ್ತಿನ ಹೆಗಲು ನುಣ್ಣಗೆ ಇರುತ್ತದೆ. ಚೋಮ ದಿನಾ ಆ ಎತ್ತುಗಳ ಮೈ ಸವರುವಾಗ ಅವನ ಕೈಗೆ ಸಿಕ್ಕಿದ್ದು ಆ ನುಣ್ಣನೆ ಹೆಗಲೇ ಅಲ್ವಾ? ಅದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಾರಿದ್ದರೆ ಸಾಲ ಹಗುರ ಆಗುತ್ತಿತ್ತು. ಗಂಜಿಗೆ ಗತಿ ಇಲ್ಲದ ಮನೆಯಲ್ಲಿ ಎರಡು ಎತ್ತು ಮೇಯಿಸುವುದು ಹುಚ್ಚು ಅಂತ ಯಾರಾದರೂ ಹೇಳಬಹುದು. ಅವನಿಗೆ ಅದು ಹುಚ್ಚಲ್ಲ. ಎತ್ತು ಇರುವ ತನಕ ಅವನು ಬೇಸಾಯಗಾರ. ಮಾರಿದ ದಿನ ಬರೀ ಆಳು. ದುಡಿ ಬಾರಿಸುವವರು ಸಾವಿರ ಜನ ಇದ್ದಾರು. ಎತ್ತು ಇದ್ದೂ ಉಳಲಾಗದವನು ಇವನೊಬ್ಬ.

ಕಡಲಬದಿ

ಹೆಗಲಿನ ಮಾತು ನನಗೆ ಹೊಳೆದೇ ಇರಲಿಲ್ಲ. ನಾನು ಕರಾವಳಿಯವಳಾದರೂ ಎತ್ತಿನ ಮೈ ಮುಟ್ಟಿ ನೋಡಿದವಳಲ್ಲ.

ಆದರೆ ಎತ್ತು ಮತ್ತು ದುಡಿಯನ್ನು ಬೇರೆ ಮಾಡಿ ನೋಡಬೇಕಾ? ಎತ್ತು ಅವನ ಆಸೆ. ಆ ಆಸೆಗೆ ಪೆಟ್ಟು ಬಿದ್ದಾಗಲೆಲ್ಲ ದುಡಿ ಸದ್ದು ಮಾಡುತ್ತದೆ. ಎತ್ತು ಮಾತಾಡುವುದಿಲ್ಲ, ದುಡಿ ಸುಮ್ಮನಿರುವುದಿಲ್ಲ. ಎರಡೂ ತೊಗಲೇ ಅನ್ನುವುದು ಈಗ ನಿಮ್ಮ ಮಾತು ಓದುವಾಗ ಹೊಳೆಯಿತು.

ಕಾಫಿಕಣಿವೆ

ನಾನು ಕೊಡಗಿನವನು. ನಮ್ಮಲ್ಲಿ ದುಡಿ ಈಗಲೂ ಕೈಯಲ್ಲಿ ಇರುವ ವಾದ್ಯ. ಮದುವೆಗೂ ಬಾರಿಸುತ್ತೇವೆ, ಸಾವಿಗೂ ಬಾರಿಸುತ್ತೇವೆ. ದುಡಿಕೊಟ್ಟ್ ಪಾಟ್, ಅಂದರೆ ದುಡಿ ಬಾರಿಸುತ್ತಾ ಹೇಳುವ ಹಾಡು, ಕೇಳಿರಬಹುದು. ತುಳುನಾಡಿನ ದುಡಿಗೂ ನಮ್ಮದಕ್ಕೂ ಬಳಕೆಯಲ್ಲಿ ವ್ಯತ್ಯಾಸ ಇದ್ದೀತು, ಆದರೆ ಹಿಡಿದವನಿಗೆ ತಿಳಿಯುವ ಎರಡು ಸಂಗತಿ ಹೇಳುತ್ತೇನೆ.

ನಮ್ಮ ದುಡಿ ನಡುವಿನಲ್ಲಿ ಸಣ್ಣ, ಎರಡು ತುದಿಯಲ್ಲಿ ಅಗಲ. ಎರಡೂ ಬದಿಯ ತೊಗಲನ್ನು ದಾರ ಎಳೆದು ಬಿಗಿದಿರುತ್ತಾರೆ. ಎಡಗೈಯಲ್ಲಿ ನಡುವನ್ನು ಹಿಡಿದು ಬಲಗೈಯ ಸಣ್ಣ ಕೋಲಿನಿಂದ ಬಡಿಯುವುದು. ದಾರವನ್ನು ಬೆರಳಲ್ಲಿ ಒತ್ತಿದರೆ ಸ್ವರ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ಬರುತ್ತದೆ. ಮಳೆಗಾಲದಲ್ಲಿ ತೊಗಲು ತೇವ ಹೀರಿ ಸಡಿಲ ಆಗುತ್ತದೆ. ಬಡಿದರೆ ಒದ್ದೆ ಬಟ್ಟೆ ಬಡಿದ ಹಾಗೆ ಸತ್ತ ಸದ್ದು. ಆಗ ಒಲೆಯ ಹತ್ತಿರ ಹಿಡಿದು ಕಾಯಿಸಬೇಕು. ಬಿಸಿ ತಾಗಿದಂತೆ ತೊಗಲು ಬಿಗಿಯಾಗಿ ಸದ್ದು ತಿರುಗಿ ಬರುತ್ತದೆ. ಕರಾವಳಿಯ ಮಳೆಯಲ್ಲಿ, ಸೋರುವ ಗುಡಿಸಲಲ್ಲಿ ದುಡಿ ಬಾರಿಸುವವನು ಮೊದಲು ಬೆಂಕಿ ಹುಡುಕಬೇಕು. ಸುಮ್ನೆ ದುಃಖ ಬಂತು, ಕೈಗೆತ್ತಿಕೊಂಡ ಅನ್ನುವ ಹಾಗಿಲ್ಲ. ಅಷ್ಟು ಆರೈಕೆ ಮಾಡಿ ಬಾರಿಸುತ್ತಾನೆ ಅಂದರೆ ಅವನಿಗೆ ಅದು ಬೇಕೇ ಬೇಕು.

ಎರಡನೆಯದು ನನಗೆ ಇನ್ನೂ ಮುಖ್ಯ. ನಮ್ಮಲ್ಲಿ ದುಡಿ ಹಿಡಿದು ಹಾಡುವವರು ನಾಲ್ಕು ಜನ. ಇಬ್ಬರು ಒಂದು ಸಾಲು ಹಾಡಿದರೆ ಉಳಿದ ಇಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಒಬ್ಬರಿಗೆ ಉಸಿರು ಕಟ್ಟಿದರೂ ಹಾಡು ನಿಲ್ಲುವುದಿಲ್ಲ. ಒಬ್ಬನೇ ಕೂತು ಬಾರಿಸುವುದನ್ನು ನಾನು ಊರಲ್ಲಿ ಕಂಡೇ ಇಲ್ಲ. ಚೋಮನ ಕಥೆ ಓದಿದಾಗ ನನ್ನನ್ನು ಕಾಡಿದ್ದು ಇದೇ. ಮೊದಲ ಪುಟಗಳಲ್ಲಿ ಅವನು ಬಾರಿಸುವಾಗ ಸುತ್ತ ಮಕ್ಕಳಿರುತ್ತಾರೆ. ಕೊನೆಗೆ ಬಾಗಿಲು ಹಾಕಿಕೊಂಡು ಒಬ್ಬನೇ ಬಾರಿಸುತ್ತಾನೆ. ಸಾಲು ಎತ್ತಿಕೊಳ್ಳುವವರು ಯಾರೂ ಉಳಿದಿಲ್ಲ.

ನಿವೃತ್ತ ಮೇಷ್ಟ್ರು

ಇಷ್ಟು ವರ್ಷ ಪಾಠ ಮಾಡಿದೆ, ಇದು ನನ್ನ ತಲೆಗೆ ಬಂದಿರಲಿಲ್ಲ. ತರಗತಿಯಲ್ಲಿ ನಾವು "ಸಂಕೇತ" ಅಂದ ಕೂಡಲೇ ವಸ್ತುವನ್ನು ಮರೆತುಬಿಡುತ್ತೇವೆ. ದುಡಿ ಅಂದರೆ ದುಃಖ ಅಂತ ಬರೆಸಿ ಮುಂದೆ ಹೋಗುತ್ತೇವೆ. ಅದು ತೊಗಲು, ದಾರ, ಬೆಂಕಿ ಅನ್ನುವುದು ಗೊತ್ತಿದ್ದರೆ ಮಾತ್ರ ಅದು ಇನ್ನೇನನ್ನಾದರೂ ಹೇಳಬಲ್ಲದು.

ಮೂಲದಮನೆ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಒಂದು ಮಾತು ಹೇಳಲೇಬೇಕು.

ನಮ್ಮಜ್ಜ ಮೂಲದಾಳಾಗಿ ದುಡಿದವರು. ಚೋಮನ ಜಾತಿಯೇ ನಮ್ಮದು. ನೀವೆಲ್ಲ ಅಸಹಾಯಕತೆ ಅಂತ ಹೇಳುವಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಕಾರಂತರ ಮೇಲೆ ನನಗೆ ಗೌರವ ಇದೆ. 1933ರಲ್ಲಿ ನಮ್ಮವರ ಗುಡಿಸಲ ಒಳಗೆ ಇಣುಕಿ ನೋಡಿ, ಅಲ್ಲಿಯೂ ಒಂದು ಇಡೀ ಕಾದಂಬರಿಗೆ ಆಗುವಷ್ಟು ಬದುಕು ಇದೆ ಅಂತ ಬರೆದವರು ಅವರು. ಅದು ಸಣ್ಣ ಕೆಲಸ ಅಲ್ಲ. ಆದರೆ ಅವರು ಇಣುಕಿ ನೋಡಿದ್ದು ಹೊರಗಿನಿಂದಲೇ. ಹೊರಗೆ ನಿಂತವರಿಗೆ ದುಡಿಯ ಸದ್ದು ಅಳುವಿನ ಹಾಗೆ ಕೇಳಿಸಬಹುದು. ಒಳಗೆ ಕೂತವರಿಗೆ ಹಾಗೇ ಕೇಳಿಸಬೇಕು ಅಂತ ಏನೂ ಇಲ್ಲ.

ನಮ್ಮ ಮನೆಯಲ್ಲಿ ದುಡಿ ಬಾರಿಸಿದರೆ ಅದು ಹಬ್ಬ, ಕೋಲ, ಮದುವೆ. ಅಜ್ಜನ ಕೈಚಳಕ ಅಂತ ಹೊಗಳುತ್ತಿದ್ದರು. ದಿನವಿಡೀ ಬೇರೆಯವರ ಗದ್ದೆಯಲ್ಲಿ ಬೇರೆಯವರು ಹೇಳಿದ ಹಾಗೆ ಕೈ ಆಡಿಸಿದವನು ಸಂಜೆ ತನಗೆ ಬೇಕಾದ ಹಾಗೆ ಕೈ ಆಡಿಸುವುದು ಅಲ್ಲಿ ಮಾತ್ರ. ಚೋಮನಿಗೆ ಒಡೆತನ ಇದ್ದ ಒಂದೇ ಜಾಗ ಆ ದುಡಿ. ಅದನ್ನು ಅಸಹಾಯಕತೆಯ ಸಂಕೇತ ಅಂದರೆ ಅವನ ಹತ್ತಿರ ಇದ್ದ ಒಂದೇ ಒಂದನ್ನೂ ನಾವು ಕಿತ್ತುಕೊಂಡ ಹಾಗೆ ಆಗುವುದಿಲ್ಲವಾ?

ದೇವನೂರ ಮಹಾದೇವರ ಒಡಲಾಳ ಅನ್ನುವ ಕಥೆಯ ಸಾಕವ್ವನನ್ನು ನೋಡಿ. ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಹಸಿವು ಅಲ್ಲೂ ಇದೆ. ಮೊಮ್ಮಕ್ಕಳು, ಮಕ್ಕಳು ಎಲ್ಲ ಸೇರಿ ಕದ್ದು ತಂದ ಕಡಲೆಕಾಯಿ ತಿನ್ನುವ ಆ ರಾತ್ರಿ ಇದೆಯಲ್ಲ, ಅಲ್ಲಿ ಬಡತನ ಕಾಣುತ್ತದೆ, ಆದರೆ ಅಯ್ಯೋ ಪಾಪ ಅನ್ನಲು ನಾಲಿಗೆ ಏಳುವುದಿಲ್ಲ. ಒಳಗಿನಿಂದ ಬರೆದರೆ ಹಾಗೆ. ಆ ಹುಂಜವೂ ಸಂಕೇತವೇ. ಆದರೆ ಸಾಕವ್ವ ಅದಕ್ಕಾಗಿ ಊರೆಲ್ಲ ಬೈದುಕೊಂಡು ತಿರುಗುತ್ತಾಳೆ, ಬಾಗಿಲು ಹಾಕಿಕೊಂಡು ಕೂರುವುದಿಲ್ಲ.

ಕಡಲಬದಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಥಟ್ಟನೆ ಉತ್ತರ ಬರೆಯಬಾರದು ಅನ್ನಿಸಿತು. ಪುಸ್ತಕ ತೆಗೆದು ಮತ್ತೆ ಕೊನೆಯ ಭಾಗ ಓದಿ ಬಂದು ಬರೆಯುತ್ತೇನೆ.

ಸಂಜೆಮಲ್ಲಿಗೆ

ಅಷ್ಟರಲ್ಲಿ ಸಿನಿಮಾದ ಬಗ್ಗೆ ಎರಡು ಮಾತು. ಬಿ.ವಿ. ಕಾರಂತರು 1975ರಲ್ಲಿ ಮಾಡಿದ್ದು. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು.

ಪುಸ್ತಕದಲ್ಲಿ ದುಡಿ ಕೇಳಿಸುವುದಿಲ್ಲ. ಅಕ್ಷರ ನೋಡಿ ಸದ್ದನ್ನು ನಾವೇ ಹುಟ್ಟಿಸಿಕೊಳ್ಳಬೇಕು. ನಾನು ಹುಟ್ಟಿಸಿಕೊಂಡಿದ್ದ ಸದ್ದು ನಿಧಾನ, ಅಳುವ ತರಹದ್ದು. ಸಿನಿಮಾ ನೋಡಿದಾಗ ಬೆಚ್ಚಿದೆ. ಅಲ್ಲಿ ಕೇಳಿಸಿದ್ದು ಸಿಟ್ಟು. ವಾಸುದೇವರಾಯರ ಮುಖ ನೋಡಿ ಒಮ್ಮೆ. ಬಾರಿಸುವಾಗ ಆ ಕಣ್ಣಲ್ಲಿ ನೀರಿಗಿಂತ ಕೆಂಪು ಜಾಸ್ತಿ. ಮೂಲದಮನೆಯವರು ಹೇಳಿದ್ದಕ್ಕೆ ಇದು ಹತ್ತಿರ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಬಿ.ವಿ. ಕಾರಂತರು ರಂಗಭೂಮಿಯವರು, ಸಂಗೀತ ಬಲ್ಲವರು. ಸದ್ದಿನಿಂದ ಏನು ಹೇಳಿಸಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬಯಲುಸೀಮೆ ರೈತ

1975 ಅಂದ ಕೂಡಲೇ ನೆನಪಾಯಿತು. ಅದರ ಹಿಂದಿನ ವರ್ಷವೇ, 1974ರ ಮಾರ್ಚ್‌ನಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದಿದ್ದು. ಉಳುವವನೇ ಹೊಲದೊಡೆಯ ಅಂತ. ಗೇಣಿ ಒಕ್ಕಲುಗಳೆಲ್ಲ ಅರ್ಜಿ ಕೊಟ್ಟು ಭೂಮಿ ಪಡೆದರು. ದಕ್ಷಿಣ ಕನ್ನಡದಲ್ಲಂತೂ ಅದು ಬಹಳ ದೊಡ್ಡ ಬದಲಾವಣೆ.

ಚೋಮ ಆಗ ಬದುಕಿದ್ದರೆ ಅವನಿಗೆ ಭೂಮಿ ಸಿಗುತ್ತಿತ್ತಾ? ಸಿಗುತ್ತಿರಲಿಲ್ಲ. ಅವನು ಗೇಣಿದಾರ ಅಲ್ಲ, ಆಳು. ಉಳುವವನಿಗೆ ಭೂಮಿ ಅಂತ ಕಾನೂನು. ಇವನಿಗೆ ಉಳಲು ಬಿಟ್ಟರೆ ತಾನೇ ಉಳುವವ ಆಗುವುದು? ಹೆಚ್ಚೆಂದರೆ ಗುಡಿಸಲು ನಿಂತ ಜಾಗ ಅವನ ಹೆಸರಿಗೆ ಬರುತ್ತಿತ್ತು. ಎತ್ತು ಇದ್ದೂ ಉಳಲಾಗದವನು ಅಂತ ನಾನು ಮೊದಲು ಬರೆದೆನಲ್ಲ, ನಲವತ್ತು ವರ್ಷ ಕಳೆದು ಒಳ್ಳೆಯ ಕಾನೂನು ಬಂದರೂ ಅವನ ಪಾಡು ಅದೇ ಆಗುತ್ತಿತ್ತು. ಜೀತವನ್ನು ರದ್ದು ಮಾಡುವ ಕಾನೂನು ಬಂದಿದ್ದು 1976ರಲ್ಲಿ.

ಹೊಳೆಸಾಲು

ನಾನು ಸ್ವಲ್ಪ ಬೇರೆ ಕಡೆಯಿಂದ ಬರುತ್ತೇನೆ, ಆದರೆ ವಿಷಯ ಇದೇ. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಇದೆಯಲ್ಲ, ಅದೂ ಹೀಗೆ ಮತ್ತೆ ಮತ್ತೆ ಬರುವ ಒಂದು ವಸ್ತು. ಅದನ್ನು ಸುಡುವವರು ಯಾರು ಅಂತ ತೀರ್ಮಾನ ಆಗದೆ ಇಡೀ ಅಗ್ರಹಾರ ಊಟ ಬಿಟ್ಟು ಕೂರುತ್ತದೆ. ಅಲ್ಲಿಯೂ ಸದ್ದು ಬರುತ್ತದೆ. ಮನೆಗಳ ಮೇಲೆ ಕೂತ ಹದ್ದುಗಳನ್ನು ಓಡಿಸಲು ಜಾಗಟೆ ಬಡಿದು ಶಂಖ ಊದುತ್ತಾರೆ. ಪೂಜೆಗೆ ಇದ್ದ ಸದ್ದು ಹೆದರಿಕೆಯ ಸದ್ದಾಗುತ್ತದೆ.

ಅಲ್ಲಿ ಅಸಹಾಯಕರು ಎಲ್ಲ ಅಧಿಕಾರ ಇದ್ದವರು. ಶಾಸ್ತ್ರ ಗೊತ್ತು, ಭೂಮಿ ಇದೆ, ಆದರೂ ಒಂದು ಹೆಣ ಎತ್ತಲು ಆಗುವುದಿಲ್ಲ. ಚೋಮನಿಗೆ ಇವು ಯಾವುದೂ ಇಲ್ಲ. ಇಬ್ಬರನ್ನೂ ಕಟ್ಟಿಹಾಕಿದ ಜಾತಿಯ ಹಗ್ಗ ಒಂದೇ. ಒಂದು ತುದಿಯಲ್ಲಿ ಇದ್ದವರಿಗೆ ಅದು ಜನಿವಾರ, ಇನ್ನೊಂದು ತುದಿಯವನಿಗೆ ಕುಣಿಕೆ. ಹಾಗಾಗಿ ಅಸಹಾಯಕತೆ ಅನ್ನುವ ಒಂದೇ ಮಾತನ್ನು ಇಬ್ಬರಿಗೂ ಬಳಸುವಾಗ ನನಗೆ ಹಿಂಜರಿಕೆ ಆಗುತ್ತದೆ. ಅಗ್ರಹಾರದವರು ಎದ್ದು ಹೋಗಿ ಕೊಳ್ಳಿ ಇಡಬಹುದಿತ್ತು. ಚೋಮ ಎದ್ದು ಹೋಗಿ ಮಾಡಬಹುದಾಗಿದ್ದು ಏನು?

ಕಡಲಬದಿ

ಕೊನೆಯ ಭಾಗ ಮತ್ತೆ ಓದಿದೆ. ಹೊಳೆಸಾಲಿನವರು ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ಓದಿದೆ.

ಚೋಮ ಎದ್ದು ಹೋಗಿ ಎಲ್ಲವನ್ನೂ ಮಾಡಿ ನೋಡಿದ್ದಾನೆ. ಒಡೆಯರನ್ನು ಕೇಳಿದ. ಮಕ್ಕಳನ್ನು ದುಡಿಯಲು ಕಳಿಸಿದ. ಕಿರಿಯ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು, ಮುಟ್ಟಿದರೆ ಮೈಲಿಗೆ ಅಂತ ಹುಡುಗನನ್ನು ಎತ್ತಲಿಲ್ಲ. ಅದಾದ ಮೇಲೆ ಮತ ಬದಲಿಸಿದರೆ ಭೂಮಿ ಸಿಗುತ್ತದೆ ಅಂತ ಪಾದ್ರಿಯ ಕಡೆಗೂ ಹೊರಟ. ನಂಬಿದ ಭೂತವನ್ನು, ಅಂದರೆ ತನ್ನ ದೈವವನ್ನು, ಬಿಡಲಾರದೆ ತಿರುಗಿ ಬಂದ. ಬಂದರೆ ಮನೆಯಲ್ಲಿ ಬೆಳ್ಳಿಯ ಜೊತೆ ಎಸ್ಟೇಟಿನ ಮನ್ವೇಲ. ಉಳಿದದ್ದೂ ಹೋಯಿತು. ಎತ್ತುಗಳನ್ನು ಕಾಡಿಗೆ ಬಿಟ್ಟ. ಆಮೇಲೆ ಬಾಗಿಲು ಹಾಕಿಕೊಂಡು ದುಡಿ ತೆಗೆದುಕೊಂಡ.

ಮೂಲದಮನೆಯವರೇ, ನೀವು ಹೇಳಿದ್ದು ಸರಿ. ದುಡಿ ಅಸಹಾಯಕತೆಯ ಸಂಕೇತ ಅಲ್ಲ. ನಾನು ಪಿಯುಸಿಯಲ್ಲಿ ಬರೆದದ್ದು ತಪ್ಪು ಅಂತಲೇ ಈಗ ಒಪ್ಪುತ್ತೇನೆ. ದುಡಿ ಅವನ ಶಕ್ತಿ. ಅವನ ಕೈಗೆ ಬರುವ, ಅವನಷ್ಟು ಚೆನ್ನಾಗಿ ಯಾರಿಗೂ ಬಾರದ ಒಂದು ಕೆಲಸ. ಅಸಹಾಯಕತೆ ಇರುವುದು ಆ ಶಕ್ತಿಗೆ ಊರಲ್ಲಿ ಎಲ್ಲೂ ಜಾಗ ಇಲ್ಲದ್ದರಲ್ಲಿ. ಅಷ್ಟು ಗಟ್ಟಿ ಕೈ ನೇಗಿಲ ಮೇಣಿ ಹಿಡಿಯುವಂತಿಲ್ಲ, ತೊಗಲು ಬಡಿಯಬಹುದು. ಹಾಗಾಗಿ ಸದ್ದು ಹೆಚ್ಚಾದಷ್ಟೂ ನಮಗೆ ಸಂಕಟ ಆಗುತ್ತದೆ. ಸಣ್ಣ ಸದ್ದಾಗಿದ್ದರೆ ಸೋತ ಅಂದುಕೊಳ್ಳುತ್ತಿದ್ದೆವು. ಅವನು ಸೋತವನ ಹಾಗೆ ಬಾರಿಸುವುದಿಲ್ಲ.

ಕಾಫಿಕಣಿವೆಯವರಿಗೆ ಒಂದು ಪ್ರಶ್ನೆ. ಒಬ್ಬನೇ ನಿಲ್ಲಿಸದೆ ಎಷ್ಟು ಹೊತ್ತು ಬಾರಿಸಬಹುದು?

ಕಾಫಿಕಣಿವೆ

ಕೈ ಅಭ್ಯಾಸದ ಮೇಲೆ ಹೋಗುತ್ತದೆ. ಮೊದಲು ನೋಯುವುದು ದುಡಿ ಹಿಡಿದ ಎಡಗೈ. ಬಡಿಯುವ ಕೈ ತಾಳಕ್ಕೆ ಸಿಕ್ಕಿ ತಾನಾಗಿ ಆಡುತ್ತಿರುತ್ತದೆ, ಹಿಡಿದ ಕೈ ಮಾತ್ರ ಬಿಡುವಿಲ್ಲದೆ ಬಿಗಿಯಾಗಿ ಇರಬೇಕು. ಬೆರಳು ಮರಗಟ್ಟುತ್ತದೆ. ಆಗ ದಾರ ಒತ್ತಲು ಆಗುವುದಿಲ್ಲ, ಸ್ವರ ಏರುವುದು ಇಳಿಯುವುದು ನಿಂತು ಒಂದೇ ಮಟ್ಟದಲ್ಲಿ ಕೇಳಿಸುತ್ತದೆ. ನಮ್ಮಲ್ಲಿ ಹಾಗೆ ಕೇಳಿಸಿದ ಕೂಡಲೇ ಪಕ್ಕದವರು ಕಣ್ಣಲ್ಲೇ ಸನ್ನೆ ಮಾಡಿ ತಾಳ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅವನಿಗೆ ಅಷ್ಟು ಹೊತ್ತು ಬಿಡುವು.

ಚೋಮ ಸಾಯುವ ತನಕ ಬಾರಿಸಿದ. ಆ ರಾತ್ರಿ ಯಾವುದೋ ಒಂದು ಹೊತ್ತಿಗೆ ಸ್ವರ ಏರಿಳಿಯುವುದು ನಿಂತಿರಬೇಕು. ಹೊರಗೆ ಯಾರಾದರೂ ಕೇಳಿಸಿಕೊಂಡಿದ್ದರೆ ಗೊತ್ತಾಗುತ್ತಿತ್ತು.

ಮೂಲದಮನೆ

ಕಡಲಬದಿ ಅಕ್ಕ, ನೀವು ಮತ್ತೆ ಓದಿ ಬಂದಿರಲ್ಲ, ಅದು ನನಗೆ ಬಹಳ ಆಯಿತು. ನಾನೂ ಒಂದು ಬಿಟ್ಟುಕೊಡುತ್ತೇನೆ. ಶಕ್ತಿಗೆ ಜಾಗ ಇಲ್ಲ ಅನ್ನುವ ಮಾತು ನಮ್ಮಜ್ಜನಿಗೂ ಒಪ್ಪುತ್ತದೆ. ಅವರ ಕೈಚಳಕ ಹೊಗಳಿದವರು ಅವರನ್ನು ಅಂಗಳದಿಂದ ಮೇಲೆ ಹತ್ತಿಸಲಿಲ್ಲ.

ಅಜ್ಜನ ದುಡಿ ಈಗಲೂ ಮನೆಯಲ್ಲಿ ಇದೆ. ಅಟ್ಟದ ಕೆಳಗೆ ಮೊಳೆಗೆ ತೂಗು ಹಾಕಿದೆ. ಒಂದು ಬದಿಯ ತೊಗಲು ಹರಿದಿದೆ, ಇನ್ನೊಂದು ಬದಿ ಚೆನ್ನಾಗಿದೆ. ನಡುವಿನಲ್ಲಿ ಹೆಬ್ಬೆರಳು ಕೂರುವ ಜಾಗದಲ್ಲಿ ಮರ ಸವೆದು ನುಣ್ಣಗಾಗಿದೆ. ಕಾಫಿಕಣಿವೆಯವರು ಎಡಗೈಯ ಮಾತು ಬರೆದದ್ದು ಓದಿ ಎದ್ದು ಹೋಗಿ ಅಲ್ಲಿ ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಅಜ್ಜನ ಕೈ ನನ್ನದಕ್ಕಿಂತ ದೊಡ್ಡದಿತ್ತು. ಬರುವ ವಾರ ಚಿಕ್ಕಪ್ಪ ಬರುತ್ತಾರೆ. ತೊಗಲು ಕಟ್ಟುವುದು ಅವರಿಗೆ ಗೊತ್ತು. ಮಳೆ ಹಿಡಿಯುವ ಮೊದಲು ಕಟ್ಟಿಸಬೇಕು ಅಂತ ಇದ್ದೇನೆ.